ತುಣುಕುಗಳಿಗೆ ಹೆಸರಿಟ್ಟಾಕೆ: ಎಸ್ಫಿರ್ ಶುಬ್

ಚಲಚ್ಚಿತ್ರವೊಂದು ಮೊದಲಾಗುವಾಗ ತೆರೆಯ ಮೇಲೆ ಸರಿದುಹೋಗುವ ಹೆಸರುಗಳ ಸಾಲಿನಲ್ಲಿ ‘ಸಂಕಲನ’ ಎಂಬ ಮಾತನ್ನು ನಾವೆಲ್ಲರೂ ಕಂಡಿದ್ದೇವೆ, ಕಂಡು ಮರೆತಿದ್ದೇವೆ. ಅದು ಒಳ್ಳೆಯ ಮಾತು. ಅದೇ ಕೆಲಸವನ್ನು ಇಂಗ್ಲಿಷರು ಆಡುಮಾತಿನಲ್ಲಿ ಕತ್ತರಿಸುವುದೆನ್ನುತ್ತಾರೆ. ರಷ್ಯನ್ನರು ಫ್ರೆಂಚರಿಂದ ತೆಗೆದುಕೊಂಡ ‘ಮೊಂತಾಜ್’ ಎಂಬ ಮಾತಿಗೆ ಬಿಡಿಭಾಗಗಳನ್ನು ಜೋಡಿಸಿ ನಿಲ್ಲಿಸುವುದೆಂದರ್ಥ. ನಮ್ಮ ಸಂಕಲನವಾದರೋ ಲೆಕ್ಕದ ಮನೆಯಿಂದ ಬಂದದ್ದು; ಕೂಡಿಸುವುದು ಅದರ ಅರ್ಥ. ಆದರೆ ಕತ್ತರಿಸುವುದಕ್ಕೂ ಜೋಡಿಸುವುದಕ್ಕೂ ಕೂಡಿಸುವುದಕ್ಕೂ ಮುಂಚಿನ ಕೆಲಸವೊಂದಿದೆ. ಎಲ್ಲೆಲ್ಲಿಂದಲೋ ಬಂದ ತುಣುಕುಗಳನ್ನು ಒಂದೆಡೆಗೆ ತರಬೇಕು, ಒಂದೊಂದನ್ನೂ ನೋಡಬೇಕು, ಇದು ಯಾವ ಊರು, ಇದು ಯಾವ ದಿನ, ಇವನು ಯಾರು ಎಂದು ತಿಳಿಯಬೇಕು, ತಿಳಿದುದನ್ನು ಬರೆದಿಟ್ಟು, ಬೇಕೆಂದ ಗಳಿಗೆಯಲ್ಲಿ ಕೈಗೆ ಸಿಕ್ಕುವಂತೆ ವಿಂಗಡಿಸಬೇಕು. ಈ ಕೆಲಸಕ್ಕೆ ತೆರೆಯ ಮೇಲೆ ಹೆಸರಿಲ್ಲ. ಇದನ್ನೇ ತನ್ನ ಕಲೆಯ ತಳಹದಿಯನ್ನಾಗಿ ಮಾಡಿಕೊಂಡ ಒಬ್ಬ ರಷ್ಯನ್ ಮಹಿಳೆಯ ಬಾಳನ್ನು ವಾಚಕರ ಮುಂದಿಡಬೇಕೆಂಬುದು ನನ್ನ ಉದ್ದೇಶ. ಚಲಚ್ಚಿತ್ರದ ಚರಿತ್ರೆಯನ್ನು ಓದಿದವರಿಗೆ ಎಸ್ಫಿರ್ ಶುಬ್ ಎಂಬ ಹೆಸರು ಹೊಸದಲ್ಲ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಅಷ್ಟು ಪರಿಚಿತವಲ್ಲದಿರಬಹುದು. ಆದರೆ ಆಕೆ ಮೊದಲು ಸಾಹಿತ್ಯದ ವಿದ್ಯಾರ್ಥಿನಿಯೇ.

ಶುಬ್ ಹುಟ್ಟಿದ್ದು ೧೮೯೪ರಲ್ಲಿ, ಅಂದಿನ ಚೆರ್ನಿಗೋವ್ ಪ್ರಾಂತಕ್ಕೆ ಸೇರಿದ್ದ ಸುರಾಜ್ ಎಂಬ ಸಣ್ಣ ಊರಿನಲ್ಲಿ, ಯೆಹೂದ್ಯರ ಮನೆಯಲ್ಲಿ. ಮಾಸ್ಕೋ ನಗರಕ್ಕೆ ಬಂದು ಹೆಂಗಸರ ಉನ್ನತ ವಿದ್ಯಾಭ್ಯಾಸದ ತರಗತಿಗಳಲ್ಲಿ ಸಾಹಿತ್ಯವನ್ನು ಓದಿದಳು. ಓದು ಮುಗಿಯುವ ಹೊತ್ತಿಗೆ ದೇಶವೇ ತಲೆಕೆಳಗಾಗಿತ್ತು. ೧೯೧೭ರ ಕ್ರಾಂತಿಯ ಬಳಿಕ ವಿದ್ಯಾಖಾತೆಯ ರಂಗಭೂಮಿ ವಿಭಾಗದಲ್ಲಿ ಆಕೆಗೆ ಕೆಲಸ ದೊರೆಯಿತು. ಅಲ್ಲಿ ಪ್ರಸಿದ್ಧ ನಾಟಕ ಪ್ರಯೋಗಕಾರನಾದ ಮೇಯರ್‌ಹೋಲ್ಡನ ಕಾರ್ಯದರ್ಶಿಯಾಗಿದ್ದಳು. ಕಾಗದಪತ್ರಗಳನ್ನು ಅಚ್ಚುಕಟ್ಟಾಗಿಡುವ ಅಭ್ಯಾಸ ಅಲ್ಲಿಂದಲೇ ಬಂದಿತೋ ಏನೋ. ಅದು ನನ್ನ ಊಹೆ. ೧೯೨೨ರಲ್ಲಿ ಆಕೆ ಸರ್ಕಾರಿ ಚಿತ್ರಸಂಸ್ಥೆಯಾದ ಗೋಸ್ಕಿನೋವನ್ನು ಸೇರಿದಳು.

ಅಲ್ಲಿ ಆಕೆಯ ಪಾಲಿಗೆ ಬಂದ ಕೆಲಸ ವಿಚಿತ್ರವಾದುದು. ಯುದ್ಧ, ಕ್ರಾಂತಿ, ಅಂತಃಕಲಹ, ಬರಗಳಿಂದ ಬಳಲಿದ್ದ ದೇಶದಲ್ಲಿ ಹೊಸ ಚಿತ್ರಗಳು ತಯಾರಾಗುತ್ತಿದ್ದುದು ಬಹಳ ಕಡಿಮೆ. ಚಿತ್ರಮಂದಿರಗಳು ನಡೆಯಬೇಕಾದರೆ ಅಮೆರಿಕದಿಂದಲೂ ಜರ್ಮನಿಯಿಂದಲೂ ಬಂದ ಚಿತ್ರಗಳೇ ಗತಿ. ಅವುಗಳನ್ನು ಹೊಸ ಸರ್ಕಾರದ ಅಭಿರುಚಿಗೆ, ಎಂದರೆ ರಾಜಕೀಯಕ್ಕೆ, ಒಗ್ಗುವಂತೆ ಮಾರ್ಪಡಿಸಿ ಬಿಡುಗಡೆ ಮಾಡಬೇಕು. ಮೂಕಚಿತ್ರಗಳ ಕಾಲವಾದ್ದರಿಂದ ಇದು ಸಾಧ್ಯವಿತ್ತು: ನಡುನಡುವೆ ಬರುವ ಬರಹದ ಪಟ್ಟಿಗಳನ್ನು ತೆಗೆದು ಬೇರೆಯವನ್ನು ಹಾಕಿದರೆ, ದೃಶ್ಯಗಳನ್ನು ಹಿಂದುಮುಂದಾಗಿಟ್ಟರೆ, ಕಥೆ ಬೇರೆಯಾಗುತ್ತಿತ್ತು. ಶುಬ್ ಹೀಗೆ ಸುಮಾರು ಇನ್ನೂರು ಪರದೇಶದ ಚಿತ್ರಗಳನ್ನು ಬಿಚ್ಚಿ ಮರಳಿ ಕಟ್ಟಿದಳೆಂದು ಲೆಕ್ಕ. ಚಾಪ್ಲಿನನ ‘ಕಾರ್ಮೆನ್’ ಅವುಗಳಲ್ಲೊಂದು. ಜರ್ಮನ್ ನಿರ್ದೇಶಕ ಫ್ರಿಟ್ಸ್ ಲಾಂಗನ ‘ಡಾಕ್ಟರ್ ಮಬೂಸೆ’ ಇನ್ನೊಂದು. ೧೯೨೪ರಲ್ಲಿ ಅದನ್ನು ಕೈಗೆತ್ತಿಕೊಂಡಾಗ ಆಕೆಯ ಮೇಜಿನ ಪಕ್ಕದಲ್ಲಿ ಕುಳಿತು ಕೆಲಸ ಕಲಿಯುತ್ತಿದ್ದವನು ರಂಗಭೂಮಿಯಿಂದ ಬಂದ ಒಬ್ಬ ತರುಣ. ಹೆಸರು ಸೆರ್ಗೈ ಐಸೆನ್‌ಸ್ಟೈನ್. ಮರುವರ್ಷ ಅವನ ಮೊದಲ ದೊಡ್ಡ ಚಿತ್ರ ‘ಮುಷ್ಕರ’ ತೆರೆಗೆ ಬಂದಿತು. ಅದೇ ವರ್ಷದ ಕೊನೆಗೆ ‘ಪೊಟೆಮ್ಕಿನ್’ ಬಂದು ಅವನನ್ನು ಲೋಕಪ್ರಸಿದ್ಧನನ್ನಾಗಿ ಮಾಡಿತು. ಚಿತ್ರಗಳನ್ನು ಜೋಡಿಸುವ ಶಾಸ್ತ್ರಕ್ಕೆ ಐಸೆನ್‌ಸ್ಟೈನನೇ ಪಾಣಿನಿ ಎಂಬಂತೆ ನಾವು ಮಾತನಾಡುತ್ತೇವೆ. ಆ ಪಾಣಿನಿ ಅಕ್ಷರಾಭ್ಯಾಸ ಮಾಡಿದ ಮೇಜು ಶುಬ್‌ಳದು ಎಂಬುದನ್ನು ಹೇಳುವವರು ಕಡಿಮೆ.

ಪರರ ಕೃತಿಗಳನ್ನು ಹೀಗೆ ತಿರುಚುವುದು ಸರಿಯೆ ಎಂಬ ಪ್ರಶ್ನೆ ಏಳುತ್ತದೆ. ಸರಿಯಲ್ಲವೆಂದೇ ನನ್ನ ಮತ. ಆದರೆ ಆ ಗರಡಿಯಲ್ಲಿ ಆಕೆಗೆ ದಕ್ಕಿದ ಸಾಮು ಸಾಮಾನ್ಯವಾದುದಲ್ಲ. ಒಂದು ಚಿತ್ರವನ್ನು ಬಿಡಿಬಿಡಿ ತುಣುಕುಗಳಾಗಿ ಬಿಚ್ಚಿದ ಮೇಲೆ, ಯಾವ ತುಣುಕು ಯಾವುದೆಂಬ ಗುರುತು ಕಳೆದರೆ ಎಲ್ಲವೂ ಕಸ. ಮೀಟರೊಂದಕ್ಕೆ ಐವತ್ತೆರಡು ಚಿಕ್ಕ ಚಿಕ್ಕ ಚಿತ್ರಗಳಿರುವ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, ಇದರಲ್ಲಿ ಏನಿದೆ, ಇದು ಎಷ್ಟು ಉದ್ದ, ಇದು ಯಾವುದರ ಪಕ್ಕದಲ್ಲಿ ನಿಂತೀತು ಎಂದು ಕಣ್ಣಳತೆಯಲ್ಲಿ ಹೇಳುವ ಶಕ್ತಿ ಆಕೆಗೆ ಹೀಗೆ ಬಂದಿತು.

೧೯೨೬ರಲ್ಲಿ ಆಕೆಗೆ ಒಂದು ಹೊಸ ಯೋಚನೆ ಹೊಳೆಯಿತು. ಫೆಬ್ರವರಿ ಕ್ರಾಂತಿ ನಡೆದು ಹತ್ತು ವರ್ಷವಾಗುವುದರಲ್ಲಿತ್ತು. ನಟರನ್ನು ಕೂಡಿಸಿ, ವೇಷ ಹಾಕಿಸಿ, ಆ ಕಥೆಯನ್ನು ಆಡಿಸುವುದಕ್ಕೆ ಬದಲಾಗಿ, ಆ ಕಾಲದಲ್ಲಿಯೇ ತೆಗೆದ ವಾರ್ತಾಚಿತ್ರಗಳಿಂದಲೇ ಅದನ್ನು ಹೇಳಬಾರದೇಕೆ? ತ್ಸಾರ್ ದೊರೆಯ ಕಾಲದಲ್ಲಿ ರಷ್ಯಾದಲ್ಲಿ ಕ್ಯಾಮರಾಗಳಿಗೇನೂ ಕೊರತೆಯಿರಲಿಲ್ಲ. ಫ್ರಾನ್ಸಿನ ಪಾಥೆ ಕಂಪನಿ ವಾರವಾರವೂ ವಾರ್ತಾಚಿತ್ರ ತೆಗೆಯುತ್ತಿತ್ತು. ಮಹಾಯುದ್ಧದಲ್ಲಿ ಸ್ಕೋಬೆಲೆವ್ ಸಮಿತಿಯವರು ರಣರಂಗಕ್ಕೆ ಹೋಗಿ ಚಿತ್ರ ಹಿಡಿದಿದ್ದರು. ದೊರೆ ನಿಕೊಲಾಸನಿಗೆ ಸ್ವತಃ ಈ ಹುಚ್ಚಿತ್ತು. ಯಾಗೆಲ್ಸ್ಕಿ ಎಂಬ ಆಸ್ಥಾನದ ಛಾಯಾಗ್ರಾಹಕನು ಅರಮನೆಯವರ ವಿಹಾರ, ಕವಾಯತು, ಮೆರವಣಿಗೆಗಳನ್ನು ವರ್ಷಗಟ್ಟಲೆ ಚಿತ್ರಿಸಿದ್ದನು. ಎಲ್ಲವೂ ಇತ್ತು. ಎಲ್ಲಿತ್ತು ಎಂಬುದು ಮಾತ್ರ ಯಾರಿಗೂ ಸರಿಯಾಗಿ ತಿಳಿಯದು. ಚಿತ್ರಸಂಸ್ಥೆಯ ಅಧಿಕಾರಿಗಳು ಮೊದಲು ಒಪ್ಪಲಿಲ್ಲ. ಹಳೆಯ ಸುರುಳಿಗಳನ್ನು ಅಂಟಿಸುವುದೂ ಒಂದು ಚಿತ್ರವೇ ಎಂಬ ಉದಾಸೀನ. ಕೊನೆಗೆ ಕ್ರಾಂತಿಯ ವಸ್ತುಸಂಗ್ರಹಾಲಯದವರ ನೆರವಿನಿಂದ ಅನುಮತಿ ದೊರೆಯಿತು. ಅಲ್ಲಿಯ ತ್ಸೈಟ್ಲಿನ್ ಎಂಬ ವಿದ್ವಾಂಸನು ಆಕೆಗೆ ಜೊತೆಗಾರನಾದನು. ಆ ಬೇಸಗೆಯಲ್ಲಿ ಶುಬ್ ಲೆನಿನ್‌ಗ್ರಾಡಿಗೆ ಹೊರಟಳು.

ಅಲ್ಲಿ ಕಂಡದ್ದೇನು? ನೆಲಮಾಳಿಗೆಯ ತೇವದಲ್ಲಿ ಪೇರಿಸಿಟ್ಟಿದ್ದ, ತುಕ್ಕು ಹಿಡಿದ ಡಬ್ಬಿಗಳು. ಅಂದಿನ ಫಿಲ್ಮು ನೈಟ್ರೇಟಿನದು: ಕಿಡಿ ತಾಕಿದರೆ ಉರಿದುಹೋಗುವುದು, ತೇವ ತಾಕಿದರೆ ಮೇಲಿನ ಲೇಪ ಕಳಚಿಕೊಂಡು ಚಿತ್ರವೇ ಅಳಿಸಿಹೋಗುವುದು. ಅನೇಕ ಸುರುಳಿಗಳಿಗೆ ಆ ಗತಿಯಾಗಿತ್ತು. ಒಳ್ಳೆಯ ಮೂಲಪ್ರತಿಗಳು ಹಣಕ್ಕಾಗಿ ಪರದೇಶಗಳ ಪಾಲಾಗಿದ್ದವು. ಪಟ್ಟಿಗಳೇನೋ ಇದ್ದವು, ಆದರೆ ಪಟ್ಟಿಯಲ್ಲಿದ್ದುದು ಡಬ್ಬಿಯಲ್ಲಿಲ್ಲ, ಡಬ್ಬಿಯಲ್ಲಿದ್ದುದು ಪಟ್ಟಿಯಲ್ಲಿಲ್ಲ. ಫೆಬ್ರವರಿ ಕ್ರಾಂತಿಯ ಒಂದು ಮೀಟರು ಚಿತ್ರವೂ ಲೆನಿನ್‌ಗ್ರಾಡಿನಲ್ಲಿ ಉಳಿದಿಲ್ಲವೆಂದು ಹೇಳುವ ದಾಖಲೆಯೊಂದನ್ನೇ ಆಕೆಯ ಕೈಗಿತ್ತರು. ಬೇರೆಯವರಾಗಿದ್ದರೆ ಆ ಕಾಗದವನ್ನು ಮಡಿಸಿಕೊಂಡು ಮಾಸ್ಕೋವಿಗೆ ಹಿಂದಿರುಗುತ್ತಿದ್ದರು. ಆಕೆ ಪಟ್ಟಿಯನ್ನು ನಂಬದೆ ಡಬ್ಬಿಗಳನ್ನು ತೆರೆಯಲು ಕುಳಿತಳು. ಹುಡುಕಿದುದು ಸಿಕ್ಕಿತು.

ಓಲೆಗರಿಗಳೊಡನೆ ಒಡನಾಡಿದವರಿಗೆ ಇದು ಪರಿಚಿತವಾದ ಸಂಗತಿಯೇ. ಕಟ್ಟಿನ ಮೇಲೆ ಒಂದು ಗ್ರಂಥದ ಹೆಸರು. ಬಿಚ್ಚಿ ನೋಡಿದರೆ ಒಳಗೆ ಇನ್ನೊಂದು, ಅದರ ಕೊನೆಗೆ ಅರ್ಧಕ್ಕೆ ನಿಂತ ಮತ್ತೊಂದು. ಗರಿಯನ್ನು ಓದದೆ ಸೂಚಿಯನ್ನು ನಂಬಿದ ಸಂಪಾದಕನಿಗೆ ಗ್ರಂಥ ಸಿಕ್ಕುವುದಿಲ್ಲ.

ಎರಡು ತಿಂಗಳುಗಳಲ್ಲಿ ಶುಬ್ ಅರುವತ್ತು ಸಾವಿರ ಮೀಟರು ಫಿಲ್ಮನ್ನು ನೋಡಿದಳು. ಅದರಿಂದ ಐದು ಸಾವಿರದ ಇನ್ನೂರು ಮೀಟರನ್ನು ಆಯ್ದು ಮಾಸ್ಕೋವಿಗೆ ತಂದಳು. ಈ ಅಂಕಿಗಳನ್ನು ಸ್ವಲ್ಪ ಲೆಕ್ಕ ಹಾಕಿ ನೋಡಬೇಕು. ಅಂದಿನ ಕ್ಯಾಮರಾದ ವೇಗ ಸೆಕೆಂಡಿಗೆ ಸುಮಾರು ಹದಿನಾರು ಚಿತ್ರ. ಆ ಲೆಕ್ಕದಲ್ಲಿ ಮೀಟರೊಂದು ಮೂರು ಸೆಕೆಂಡಿಗಿಂತ ತುಸು ಹೆಚ್ಚು ಓಡುತ್ತದೆ. ಅರುವತ್ತು ಸಾವಿರ ಮೀಟರು ಎಂದರೆ ಐವತ್ತು ಗಂಟೆಗಳಿಗೆ ಮೀರಿದ ಚಿತ್ರ. ಸುಮ್ಮನೆ ಕಣ್ಣು ಹಾಯಿಸುವುದಾಗಿದ್ದರೆ ಒಂದು ವಾರದ ಕೆಲಸ. ಉಳಿದ ಏಳೆಂಟು ವಾರಗಳು ಎಲ್ಲಿ ಹೋದವು? ಗುರುತು ಹಿಡಿಯುವುದರಲ್ಲಿ ಹೋದವು. ಮಾತಿಲ್ಲದ, ಶೀರ್ಷಿಕೆ ಹರಿದುಹೋದ ಚಿತ್ರದಲ್ಲಿ ಒಂದು ಗುಂಪು ಬೀದಿಯಲ್ಲಿ ನಡೆಯುತ್ತಿದೆ. ಯಾವ ಬೀದಿ? ಅಂಗಡಿಯ ಫಲಕ ಹೇಳೀತು. ಯಾವ ಕಾಲ? ನೆಲದ ಮೇಲಿನ ಹಿಮ, ಸಿಪಾಯಿಯ ತೋಳಿನ ಪಟ್ಟಿ, ಬಾವುಟದ ಬರಹ ಹೇಳಬೇಕು. ಬಂಡಿಯಿಂದ ಇಳಿಯುತ್ತಿರುವ ಮುದುಕ ಮಂತ್ರಿಯೋ ಸೇನಾಪತಿಯೋ? ತಿಳಿದವರನ್ನು ಕರೆದು ಕೇಳಬೇಕು. ತಾರೀಖು ಸಿಕ್ಕಿದರೂ ತೊಡಕು ತೀರಲಿಲ್ಲ. ರಷ್ಯಾದಲ್ಲಿ ೧೯೧೮ರ ಜನವರಿಯವರೆಗೆ ನಡೆಯುತ್ತಿದ್ದುದು ಹಳೆಯ ಪಂಚಾಂಗ. ಅದು ಯೂರೋಪಿನ ಉಳಿದ ದೇಶಗಳಿಗಿಂತ ಹದಿಮೂರು ದಿನ ಹಿಂದೆ. ಫೆಬ್ರವರಿ ಕ್ರಾಂತಿಯ ಹತ್ತನೆಯ ವರ್ಷವನ್ನು ಮಾರ್ಚಿಯಲ್ಲಿ ಆಚರಿಸಬೇಕಾಗಿ ಬಂದದ್ದು ಇದರಿಂದಲೇ. ಪಾಥೆ ಕಂಪನಿಯ ಡಬ್ಬಿಯ ಮೇಲಿನ ತಾರೀಖು ಯಾವ ಪಂಚಾಂಗದ್ದೆಂದು ನೋಡದೆ ವಿಂಗಡಿಸಿದರೆ ದೊರೆ ಸಿಂಹಾಸನವನ್ನು ಬಿಟ್ಟ ಮೇಲೆ ದಂಗೆ ಎದ್ದಂತಾದೀತು.

ಈಚೆಗೆ ನಮ್ಮ ಕಾಲೇಜಿನ ಹುಡುಗರು ಕಿರುಚಿತ್ರ ತೆಗೆಯುವುದರಲ್ಲಿ ತೊಡಗಿದ್ದಾರೆ. ಮಾತುಗಳನ್ನು ತಿದ್ದಿಕೊಡಿರೆಂದು ನನ್ನಲ್ಲಿಗೂ ಬರುತ್ತಾರೆ. ಗಣಕಯಂತ್ರದ ಮುಂದೆ ಅವರ ಪಕ್ಕದಲ್ಲಿ ಕುಳಿತಾಗ ನನಗೆ ಲೆನಿನ್‌ಗ್ರಾಡಿನ ನೆಲಮಾಳಿಗೆಯ ನೆನಪಾಗುತ್ತದೆ. ಮೂರು ಫೋನುಗಳಿಂದಲೂ ಒಂದು ಕ್ಯಾಮರಾದಿಂದಲೂ ಬಂದ ಇನ್ನೂರು ಮುನ್ನೂರು ತುಣುಕುಗಳು ಒಂದೇ ರಾಶಿಯಲ್ಲಿ ಬಿದ್ದಿರುತ್ತವೆ. ಹೆಸರುಗಳೋ ಬರಿಯ ಅಂಕಿಗಳು. ಕಾರ್ಡು ಬದಲಾದಾಗ ಕೆಲವು ಕ್ಯಾಮರಾಗಳು ಮತ್ತೆ ಒಂದರಿಂದ ಎಣಿಸತೊಡಗುವುದರಿಂದ ಬೇರೆ ಬೇರೆ ದಿನದ ಎರಡು ತುಣುಕುಗಳಿಗೆ ಒಂದೇ ಹೆಸರು ಬರುವುದೂ ಉಂಟು. ಕ್ಯಾಮರಾದ ಗಡಿಯಾರ ತಪ್ಪಿದ್ದರೆ ತಾರೀಖೂ ಸುಳ್ಳು. ಇನ್ನೊಂದು ಸಂಗತಿ ಅವರಲ್ಲಿ ಎಷ್ಟೋ ಮಂದಿಗೆ ತಿಳಿಯದು. ಪ್ರೀಮಿಯರ್, ರಿಸಾಲ್ವ್ ಮುಂತಾದ ಸಂಕಲನದ ತಂತ್ರಾಂಶಗಳಲ್ಲಿ ತುಣುಕನ್ನು ‘ಇಂಪೋರ್ಟ್’ ಮಾಡಿದಾಗ ಸಾಮಾನ್ಯವಾಗಿ ತುಣುಕು ಅದರೊಳಕ್ಕೆ ಬರುವುದಿಲ್ಲ. ಅದು ಎಲ್ಲಿದೆ ಎಂಬ ವಿಳಾಸವನ್ನಷ್ಟೆ ತಂತ್ರಾಂಶ ಬರೆದುಕೊಳ್ಳುತ್ತದೆ. ಆಮೇಲೆ ಮೂಲ ತುಣುಕಿನ ಹೆಸರನ್ನು ಬದಲಾಯಿಸಿದರೆ, ಇದ್ದ ಕಡೆಯಿಂದ ಎತ್ತಿ ಬೇರೆಡೆಗಿಟ್ಟರೆ, ತೆರೆಯ ಮೇಲೆ ಕೆಂಪು ಫಲಕವೊಂದು ಬಂದು ನಿಲ್ಲುತ್ತದೆ: ಪಟ್ಟಿಯಲ್ಲಿದೆ, ಡಬ್ಬಿಯಲ್ಲಿಲ್ಲ. ಆದ್ದರಿಂದ ಜಾಣರು ಕಾರ್ಡಿನಲ್ಲಿರುವುದನ್ನೆಲ್ಲ ಇದ್ದ ಹಾಗೆಯೇ ಎರಡು ಬೇರೆ ಬೇರೆ ಡಿಸ್ಕುಗಳಿಗೆ ನಕಲು ಮಾಡುತ್ತಾರೆ; ದಿನಕ್ಕೊಂದು, ಕ್ಯಾಮರಾಕ್ಕೊಂದು ಎಂಬಂತೆ ಫೋಲ್ಡರುಗಳನ್ನು ಮಾಡುತ್ತಾರೆ; ಹೆಸರಿಡುವುದೇನಿದ್ದರೂ ತಂತ್ರಾಂಶಕ್ಕೆ ತೋರಿಸುವ ಮೊದಲೇ ಇಟ್ಟು ಮುಗಿಸುತ್ತಾರೆ; ಅನಂತರ ಪ್ರತಿಯೊಂದು ತುಣುಕನ್ನೂ ಒಮ್ಮೆಯಾದರೂ ಪೂರ್ತಿ ನೋಡಿ ಅದರ ಮುಂದೆ ಒಂದು ಸಾಲು ಬರೆಯುತ್ತಾರೆ. ತಂತ್ರಾಂಶದೊಳಗೆ ತುಣುಕುಗಳನ್ನು ವಿಂಗಡಿಸಿಡುವ ಚೀಲಕ್ಕೆ ಇಂದಿಗೂ ‘ಬಿನ್’ ಎಂದೇ ಹೆಸರು. ಅದು ಫಿಲ್ಮಿನ ಕಾಲದ ಸಂಕಲನ ಕೋಣೆಯಿಂದ ಬಂದದ್ದು: ಒಳಗೆ ಬಟ್ಟೆ ಹೊದಿಸಿದ ಒಂದು ತೊಟ್ಟಿ, ಮೇಲೆ ಸಾಲಾಗಿ ಮೊಳೆಗಳು, ಮೊಳೆಗೊಂದರಂತೆ ನೇತುಬಿದ್ದ ತುಣುಕುಗಳು.

ಶುಬ್‌ಳ ಕಡೆಗೆ ಹಿಂದಿರುಗೋಣ. ತಂದ ತುಣುಕುಗಳಿಂದ ಆಕೆ ಕಟ್ಟಿದ ಚಿತ್ರಕ್ಕೆ ‘ರೊಮಾನೊವ್ ವಂಶದ ಪತನ’ ಎಂದು ಹೆಸರು. ೧೯೨೭ರ ಮಾರ್ಚಿಯಲ್ಲಿ ಅದು ಬಿಡುಗಡೆಯಾಯಿತು. ನೋಡುವುದಕ್ಕೆ ಸುಮಾರು ಒಂದೂವರೆ ಗಂಟೆ. ೧೯೧೩ರಲ್ಲಿ ನಡೆದ ರೊಮಾನೊವ್ ವಂಶದ ಮುನ್ನೂರನೆಯ ವರ್ಷದ ಉತ್ಸವ, ಅದರ ವೈಭವ, ಹಳ್ಳಿಗಳ ಬಡತನ, ಕಾರ್ಖಾನೆಗಳು, ಯುದ್ಧದ ಕಂದಕಗಳು, ಹೆಣಗಳು, ಕಡೆಗೆ ೧೯೧೭ರ ಬೀದಿಗಳು. ಒಂದು ತುಣುಕನ್ನೂ ಹೊಸದಾಗಿ ನಟಿಸಿ ತೆಗೆದದ್ದಲ್ಲ. ಅದರಲ್ಲಿ ಒಂದೆಡೆ ಹಡಗಿನ ಮೇಲ್ಗಟ್ಟಿನಲ್ಲಿ ಶ್ರೀಮಂತರು ಮಜುರ್ಕಾ ಕುಣಿಯುತ್ತಾರೆ, ಕುಣಿದು ಬೆವರೊರಸಿಕೊಳ್ಳುತ್ತಾರೆ. ಮರುಕ್ಷಣ ಕೂಲಿಯಾಳುಗಳು ಮಣ್ಣು ಅಗೆಯುತ್ತ ಬೆವರೊರಸಿಕೊಳ್ಳುತ್ತಾರೆ. ಚಿತ್ರಕಲೆಯನ್ನು ಕುರಿತ ಪುಸ್ತಕಗಳಲ್ಲಿ ಈ ಜೋಡಣೆಯನ್ನು ಎತ್ತಿ ಹೇಳುವುದು ವಾಡಿಕೆ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟ ಜಾಣ್ಮೆಯನ್ನು ಎಲ್ಲರೂ ಹೊಗಳುತ್ತಾರೆ. ನನಗೆ ದೊಡ್ಡದಾಗಿ ತೋರುವುದು ಬೇರೆ. ಕುಣಿತದ ಚಿತ್ರ ಒಂದು ಡಬ್ಬಿಯದು, ಅಗೆತದ ಚಿತ್ರ ಇನ್ನೊಂದರದು. ತೆಗೆದವರು ಬೇರೆ, ತೆಗೆದ ಉದ್ದೇಶ ಬೇರೆ. ಮೊದಲನೆಯದನ್ನು ನೋಡಿದಾಗಲೇ ಬೆವರು ಎಂದು ಗುರುತಿಸಿ ನೆನಪಿನಲ್ಲಿಟ್ಟುಕೊಳ್ಳದಿದ್ದರೆ, ಎರಡನೆಯದು ಕೈಗೆ ಬಂದಾಗ ಅದು ಮಣ್ಣು ಅಗೆಯುವ ಚಿತ್ರವಾಗಿ ಮಾತ್ರ ಉಳಿಯುತ್ತಿತ್ತು. ಉಪಮೆ ಹುಟ್ಟಿದ್ದು ಅಂಟಿಸುವ ಮೇಜಿನ ಮೇಲಲ್ಲ, ವಿಂಗಡಿಸುವ ಹೊತ್ತಿನಲ್ಲಿ.

ಚಿತ್ರಕ್ಕೆ ಜನರ ಮೆಚ್ಚಿಕೆ ದೊರೆಯಿತು. ಆದರೆ ಅದರ ಕರ್ತೃ ಯಾರು? ಗೋಸ್ಕಿನೋವಿನ ಬಳಿಕ ಬಂದ ಸೋವ್ಕಿನೋ ಸಂಸ್ಥೆಯವರು ಶುಬ್‌ಳಿಗೆ ಕರ್ತೃವಿನ ಹಕ್ಕನ್ನು ಒಪ್ಪಿಕೊಡಲಿಲ್ಲ. ಕ್ಯಾಮರಾ ಹಿಡಿದವಳು ಆಕೆಯಲ್ಲ, ನಟರಿಗೆ ಹೇಳಿಕೊಟ್ಟವಳಲ್ಲ. ಇದ್ದುದನ್ನು ಅಂಟಿಸಿದವಳು, ಅಷ್ಟೆ. ಅಂಟಿಸುವವರಿಗೆ ಕೂಲಿಯುಂಟು, ಗೌರವಧನವಿಲ್ಲ ಎಂಬುದು ಅವರ ನ್ಯಾಯ. ಆಗ ಆಕೆಯ ಪರವಾಗಿ ಬಹಿರಂಗವಾಗಿ ವಾದಿಸಿದವನು ಕವಿ ಮಾಯಕೊವ್ಸ್ಕಿ. ಅವನೂ ಅವನ ಗೆಳೆಯರೂ ನಡೆಸುತ್ತಿದ್ದ ‘ನೋವಿ ಲೆಫ್’ ಎಂಬ ಪತ್ರಿಕೆಯ ಬಳಗ ಶುಬ್‌ಳ ರೀತಿಯನ್ನು ಎತ್ತಿಹಿಡಿಯಿತು. ಕಟ್ಟುಕಥೆಯ ಕಾಲ ಮುಗಿಯಿತು, ಇನ್ನು ಮುಂದೆ ಸಂಗತಿಗಳೇ ಸಾಹಿತ್ಯ ಎಂಬುದು ಆ ಬಳಗದವರ ಪಂಥ. ಅದು ಅತಿಯಾಯಿತೆನ್ನದೆ ವಿಧಿಯಿಲ್ಲ. ಆದರೆ ಶುಬ್‌ಳ ವಿಷಯದಲ್ಲಿ ನ್ಯಾಯ ಅವರ ಕಡೆಗಿತ್ತು. ಹತ್ತು ಕವಿಗಳಿಂದ ಪದ್ಯಗಳನ್ನು ಆಯ್ದು ಒಂದು ಗ್ರಂಥ ಮಾಡಿದವನನ್ನು ನಾವು ಕವಿ ಎನ್ನುವುದಿಲ್ಲ, ದಿಟ. ಆದರೆ ಆ ಪದ್ಯಗಳು ಅವುಗಳನ್ನು ಬರೆದವರ ಕನಸಿನಲ್ಲಿಯೂ ಇಲ್ಲದ ಒಂದು ಕಥೆಯನ್ನು ಹೇಳತೊಡಗಿದರೆ? ಯಾಗೆಲ್ಸ್ಕಿ ತನ್ನ ದೊರೆಯ ವೈಭವವನ್ನು ತೋರಿಸಲೆಂದು ಚಿತ್ರ ಹಿಡಿದನು. ಅದೇ ಚಿತ್ರ ಶುಬ್‌ಳ ಕೈಯಲ್ಲಿ ಆ ದೊರೆಯ ಮೇಲಿನ ಆರೋಪಪತ್ರವಾಯಿತು.

ಅದೇ ವರ್ಷ ಆಕೆ ‘ಮಹಾಮಾರ್ಗ’ ಎಂಬ ಎರಡನೆಯ ಚಿತ್ರವನ್ನು ಸಿದ್ಧಪಡಿಸಿದಳು. ಕ್ರಾಂತಿಯಾದಂದಿನಿಂದ ಹತ್ತು ವರ್ಷಗಳ ಕಥೆ. ಹಳೆಯ ಕಾಲದ ಚಿತ್ರಗಳಿಗಿಂತ ಈಚಿನವೇ ಹೆಚ್ಚು ಚೆದುರಿದ್ದುವೆಂಬುದು ಸೋಜಿಗ. ಲೆನಿನ್ನನ ಕೆಲವು ತುಣುಕುಗಳು ಸಮುದ್ರ ದಾಟಿ ಅಮೆರಿಕಕ್ಕೆ ಹೋಗಿದ್ದವು. ಅವುಗಳನ್ನು ಹಣ ಕೊಟ್ಟು ಮರಳಿ ತರಿಸಬೇಕಾಯಿತು.

ಆ ಹತ್ತನೆಯ ವರ್ಷದ ಉತ್ಸವಕ್ಕಾಗಿಯೇ ಐಸೆನ್‌ಸ್ಟೈನನೂ ‘ಅಕ್ಟೋಬರ್’ ಎಂಬ ಚಿತ್ರವನ್ನು ತೆಗೆಯುತ್ತಿದ್ದನು. ಅವನದು ವಿರುದ್ಧ ಮಾರ್ಗ. ಚಳಿಗಾಲದ ಅರಮನೆಗೆ ಜನ ನುಗ್ಗಿದ ರಾತ್ರಿಯ ವಾರ್ತಾಚಿತ್ರ ಇರಲೇ ಇಲ್ಲ. ಅವನು ಸಾವಿರಾರು ಮಂದಿಯನ್ನು ಸೇರಿಸಿ ಆ ನುಗ್ಗಾಟವನ್ನು ಹೊಸದಾಗಿ ಮಾಡಿಸಿ ಚಿತ್ರ ಹಿಡಿದನು. ದೃಶ್ಯ ಅದ್ಭುತವಾಗಿದೆ. ಮುಂದೆ ಆದದ್ದೇನು? ಆ ತುಣುಕುಗಳು ಮೂಲ ಚಿತ್ರದಿಂದ ಬೇರೆಯಾಗಿ, ಎಷ್ಟೋ ಸಾಕ್ಷ್ಯಚಿತ್ರಗಳಲ್ಲಿಯೂ ಪುಸ್ತಕಗಳಲ್ಲಿಯೂ ೧೯೧೭ರ ನಿಜವಾದ ಚಿತ್ರಗಳೆಂದೇ ಮೆರೆದವು. ನಟನೆ ಎಂದು ಬರೆದ ಚೀಟಿ ಕಳೆದುಹೋದರೆ ನಟನೆಯೇ ಚರಿತ್ರೆಯಾಗುತ್ತದೆ. ಅದೂ ಅಲ್ಲದೆ, ಅಷ್ಟರಲ್ಲಿ ಪಕ್ಷದಿಂದ ಹೊರಬಿದ್ದಿದ್ದ ಟ್ರಾಟ್ಸ್ಕಿಯ ಪಾತ್ರವಿದ್ದ ಭಾಗಗಳನ್ನು ಐಸೆನ್‌ಸ್ಟೈನನು ತೆಗೆದುಹಾಕಬೇಕಾಗಿ ಬಂದಿತು. ಯಾವ ಡಬ್ಬಿಯನ್ನು ತೆರೆಯಬೇಕು, ಯಾವುದನ್ನು ತೆರೆಯಬಾರದು ಎಂಬುದನ್ನು ಆ ದೇಶದಲ್ಲಿ ಸಂಕಲನಕಾರರೊಬ್ಬರೇ ನಿರ್ಧರಿಸುತ್ತಿರಲಿಲ್ಲ. ಶುಬ್‌ಳೂ ಆ ದೇಶದಲ್ಲಿಯೇ ದುಡಿದವಳು. ಆಕೆಯ ತುಣುಕುಗಳು ನಿಜ. ಅವುಗಳನ್ನು ಪೋಣಿಸಿದ ದಾರ ಸರ್ಕಾರಕ್ಕೆ ಒಪ್ಪಿಗೆಯಾದ ದಾರ. ಇದನ್ನು ಮುಚ್ಚಿಟ್ಟು ಆಕೆಯನ್ನು ಹೊಗಳಲು ನನಗೆ ಮನಸ್ಸಿಲ್ಲ. ಆದರೆ ತುಣುಕುಗಳು ದಾರಕ್ಕಿಂತ ಗಟ್ಟಿ. ಆಕೆ ಹಾಸ್ಯಕ್ಕೆ ಗುರಿಮಾಡಿದ ಆ ದೊರೆ ೧೯೧೮ರಲ್ಲಿ ಮಡದಿ ಮಕ್ಕಳೊಡನೆ ಕೊಲೆಯಾಗಿದ್ದನು. ೨೦೦೦ದಲ್ಲಿ ರಷ್ಯಾದ ಧರ್ಮಸಭೆ ಆ ಕುಟುಂಬವನ್ನು ಸಂತರ ಪಂಕ್ತಿಗೆ ಸೇರಿಸಿತು. ಹಡಗಿನ ಮೇಲೆ, ಮೆರವಣಿಗೆಯಲ್ಲಿ, ಅವರು ಓಡಾಡುವ ಅದೇ ಚಿತ್ರಗಳನ್ನು ಇಂದು ಕಣ್ಣೀರಿಟ್ಟು ನೋಡುವವರೂ ಇದ್ದಾರೆ.

೧೯೨೮ ತಾಲ್‌ಸ್ತಾಯ್ ಹುಟ್ಟಿ ನೂರು ವರ್ಷವಾದ ವರ್ಷ. ಶುಬ್ ‘ಎರಡನೆಯ ನಿಕೊಲಾಸನ ರಷ್ಯಾ ಮತ್ತು ಲಿಯೊ ತಾಲ್‌ಸ್ತಾಯ್’ ಎಂಬ ಚಿತ್ರವನ್ನು ಕೈಗೊಂಡಳು. ೧೯೦೮ರಲ್ಲಿ ಡ್ರಾನ್‌ಕೊವ್ ಎಂಬಾತನು ಆ ಮುದಿ ಕಾದಂಬರಿಕಾರನ ಚಿತ್ರ ಹಿಡಿದಿದ್ದನು. ೧೯೧೦ರಲ್ಲಿ ಅವನ ಅಂತ್ಯಯಾತ್ರೆಯನ್ನೂ ಚಿತ್ರಿಸಿದ್ದರು. ಎಲ್ಲವನ್ನೂ ಕೂಡಿಸಿದರೂ ಕೆಲವು ನಿಮಿಷಗಳಿಗೆ ಮೀರದು. ಅಷ್ಟು ಸ್ವಲ್ಪದಿಂದ ಒಂದು ಪೂರ್ಣ ಚಿತ್ರವಾಗುವುದು ಹೇಗೆ? ತಾಲ್‌ಸ್ತಾಯಿಯ ಸುತ್ತಲೂ ಆಕೆ ಅವನ ಕಾಲವನ್ನು ಹರಡಿದಳು. ವಿಷಯಕ್ಕೆ ತಕ್ಕಷ್ಟು ಸಾಮಗ್ರಿ ಇಲ್ಲದಿದ್ದಾಗ ಕಲ್ಪನೆಯಿಂದ ತುಂಬದೆ, ಪಕ್ಕದಲ್ಲಿದ್ದ ನಿಜವನ್ನು ತಂದು ನಿಲ್ಲಿಸುವುದು ಜೀವನಚರಿತ್ರೆ ಬರೆಯುವವರೆಲ್ಲ ಕಲಿಯತಕ್ಕ ವಿದ್ಯೆ.

ಹಳೆಯದನ್ನು ಹುಡುಕಿ ಬೇಸತ್ತವಳಿಗೆ ಹೊಸದರ ಚಿಂತೆ ಹತ್ತುವುದು ಸಹಜ. ಇಂದು ತೆಗೆಯುವ ವಾರ್ತಾಚಿತ್ರ ನಾಳಿನವರ ದಾಖಲೆ ಎಂಬ ಎಚ್ಚರದಿಂದಲೇ ಚಿತ್ರ ಹಿಡಿಯಬೇಕು, ನೋಡುವವನು ಕಣ್ಣಿಟ್ಟು ಪರೀಕ್ಷಿಸುವಷ್ಟು ಹೊತ್ತು ದೃಶ್ಯ ನಿಲ್ಲಬೇಕು ಎಂಬುದು ಆಕೆಯ ನಿಲುವು. ಈ ವಿಷಯದಲ್ಲಿ ಸಮಕಾಲೀನನಾದ ಜೀಗಾ ವೆರ್ತೊವನೊಡನೆ ಆಕೆಗೆ ಸ್ನೇಹವೂ ಇತ್ತು, ಭಿನ್ನಾಭಿಪ್ರಾಯವೂ ಇತ್ತು. ವೆರ್ತೊವನು ಕ್ಯಾಮರಾವನ್ನೇ ಕುಣಿಸಿದನು. ಶುಬ್‌ಳಿಗೆ ಆ ಕುಣಿತ ಬೇಕಿರಲಿಲ್ಲ. ತುಣುಕು ತಾನೇ ಮಾತನಾಡಲಿ ಎಂಬ ತಾಳ್ಮೆ ಆಕೆಯದು. ವೆರ್ತೊವನ ‘ಕ್ಯಾಮರಾ ಹಿಡಿದ ಮನುಷ್ಯ’ ಎಂಬ ೧೯೨೯ರ ಚಿತ್ರದಲ್ಲಿ ಅವನ ಮಡದಿ ಸ್ವಿಲೊವಾ ಕಪಾಟಿನಲ್ಲಿ ಸುರುಳಿಗಳನ್ನು ಸಾಲಾಗಿ ಹೊಂದಿಸಿಟ್ಟುಕೊಂಡು ಸಂಕಲನ ಮಾಡುವ ನೋಟವೊಂದಿದೆ. ಹೆಸರಿಲ್ಲದ ಈ ಕೆಲಸ ತೆರೆಯ ಮೇಲೆ ಕಾಣಿಸಿಕೊಂಡ ಅಪರೂಪದ ಕಡೆ ಅದು.

ಮೂವತ್ತರ ದಶಕದಲ್ಲಿ ಚಿತ್ರಕ್ಕೆ ಧ್ವನಿ ಬಂದಿತು. ವಿದ್ಯುಚ್ಛಕ್ತಿಯ ಯೋಜನೆಗಳಲ್ಲಿ ದುಡಿದ ಯುವಕರನ್ನು ಕುರಿತು ೧೯೩೨ರಲ್ಲಿ ಶುಬ್ ತೆಗೆದ ಚಿತ್ರದಲ್ಲಿ ನೀಪರ್ ನದಿಯ ಅಣೆಕಟ್ಟಿನ ಸದ್ದು, ಕೆಲಸಗಾರರ ತೊದಲು ಮಾತು, ಎಲ್ಲವೂ ಸ್ಥಳದಲ್ಲಿಯೇ ಹಿಡಿದವು. ಮುಂದಿನ ವರ್ಷಗಳಲ್ಲಿ ಐಸೆನ್‌ಸ್ಟೈನನ ತರಗತಿಯಲ್ಲಿ ವಿದ್ಯಾರ್ಥಿಗಳಿಗೆ ಸಂಕಲನವನ್ನು ಕಲಿಸಿದಳು. ಹೆಂಗಸರ ಬಾಳನ್ನು ಕುರಿತು ದೊಡ್ಡದೊಂದು ಚಿತ್ರ ಮಾಡಬೇಕೆಂದು ಬರೆದಿಟ್ಟ ಯೋಜನೆ ಮಾತ್ರ ಕಾಗದದಲ್ಲಿಯೇ ಉಳಿಯಿತು. ಯುದ್ಧದಲ್ಲಿ ನೊಂದ ಸ್ಪೇಯಿನ್ ದೇಶಕ್ಕೆ ಹೋಗಿ ರೊಮಾನ್ ಕಾರ್ಮೆನ್, ಮಕಾಸೆಯೆವ್ ಎಂಬಿಬ್ಬರು ಹಿಡಿದು ಕಳುಹಿಸಿದ ಚಿತ್ರಗಳಿಂದ ೧೯೩೯ರಲ್ಲಿ ‘ಸ್ಪೇಯಿನ್’ ಎಂಬ ಚಿತ್ರವನ್ನು ಕಟ್ಟಿದಳು. ಆ ಹೊತ್ತಿಗೆ ಅಲ್ಲಿಯ ಗಣರಾಜ್ಯ ಬಿದ್ದುಹೋಗಿತ್ತು. ನಡೆಯುತ್ತಿರುವ ಯುದ್ಧದ ವಾರ್ತೆಯಾಗಿ ಬಂದ ತುಣುಕುಗಳು ಸೋತವರ ಸ್ಮಾರಕವಾಗಿ ಹೊರಬಂದವು. ಮರುವರ್ಷ ಪುದೊವ್ಕಿನನೊಡಗೂಡಿ ಸೋವಿಯತ್ ಚಿತ್ರಗಳ ಇಪ್ಪತ್ತು ವರ್ಷಗಳ ಚರಿತ್ರೆಯನ್ನು ಆ ಚಿತ್ರಗಳಿಂದಲೇ ಹೇಳಿದಳು.

೧೯೪೨ರಿಂದ ಮುಂದೆ ಆಕೆ ಮಾಸ್ಕೋವಿನ ಸಾಕ್ಷ್ಯಚಿತ್ರಗಳ ಕೇಂದ್ರ ಸ್ಟುಡಿಯೋದಲ್ಲಿ ‘ದಿನದ ವಾರ್ತೆ’ ಎಂಬ ವಾರ್ತಾಚಿತ್ರದ ಮುಖ್ಯ ಸಂಪಾದಕಿಯಾಗಿದ್ದಳು. ತನ್ನದೆನ್ನುವ ದೊಡ್ಡ ಚಿತ್ರಕ್ಕೆ ಅವಕಾಶ ಕಡಿಮೆಯಾಯಿತು. ದಿನವೂ ಎಲ್ಲೆಲ್ಲಿಂದಲೋ ಸುರುಳಿಗ��ು ಬರುತ್ತಿದ್ದವು. ನೋಡಿ, ಆಯ್ದು, ಜೋಡಿಸಿ ಕಳುಹಿಸಬೇಕು. ಆಕೆ ತೀರಿಕೊಂಡದ್ದು ೧೯೫೯ರ ಸೆಪ್ಟೆಂಬರ್ ೨೧ರಂದು, ಮಾಸ್ಕೋವಿನಲ್ಲಿ. ಆಕೆಯ ನೆನಪುಗಳ ಪುಸ್ತಕ ಅಚ್ಚಾದದ್ದು ಆ ವರ್ಷವೇ. ೧೯೭೨ರಲ್ಲಿ ಇನ್ನೊಂದು ದೊಡ್ಡ ಸಂಪುಟ ಬಂದಿತು. ಅದರ ಹೆಸರಿನ ಅರ್ಥ, ನನ್ನ ಬಾಳೇ ಚಲಚ್ಚಿತ್ರ ಎಂದು.